ಸಿಗ್ನಲ್‌ಮನ್ ಕೆಲಸ ಕಲಿಯಲು ಹೋದರೆ ರಿಜಿಸ್ಟರ್ ಬರೆಸುತ್ತಾರೆ, ಎಲ್ಲಾ ಕಡೆ ಹೀಗೇನಾ?

ಹೊಸನಗರದ_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು. ನೇವಿಗೆ ಸೇರಿದ್ದೇನೆ. ಶುರುವಿನ ಟ್ರೈನಿಂಗ್ ಮುಗಿದು ಈಗ ಕಮ್ಯುನಿಕೇಷನ್ ಬ್ರಾಂಚಿನಲ್ಲಿ ಸಿಗ್ನಲ್ ಕೆಲಸ ಕಲಿಯುತ್ತಿದ್ದೇನೆ. ರಜೆಗೆ ಊರಿಗೆ ಬಂದಿದ್ದೇನೆ, ಇನ್ನು 9 ದಿನ ಇದೆ. ಮಳೆ ಬಿಟ್ಟಿಲ್ಲ. ಕರೆಂಟು ಬಂದಾಗ ಚಾರ್ಜ್ ಮಾಡಿಕೊಂಡು, ಗುಡ್ಡದ ಮೇಲೆ ಹಲಸಿನ ಮರದ ಹತ್ತಿರ ಟವರ್ ಸಿಗುತ್ತದೆ, ಅಲ್ಲಿ ಕೊಡೆ ಹಿಡಿದುಕೊಂಡು ಬರೆಯುತ್ತಿದ್ದೇನೆ. ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ವಿಷಯ ಏನೆಂದರೆ, ಸಿಗ್ನಲ್‌ಮನ್ ಅಂದರೆ ಬಾವುಟ ಏರಿಸುವುದು, ದೀಪದಲ್ಲಿ ಮೋರ್ಸ್, ಅಂದರೆ ಚುಕ್ಕೆ ಗೆರೆಯ ಸಂಕೇತ, ಹೊಡೆಯುವುದು ಅಂತ ಅಂದುಕೊಂಡಿದ್ದೆ. ಚಿಕ್ಕವರಿದ್ದಾಗ ಈಚೆ ಗುಡ್ಡದಿಂದ ಆಚೆ ಮನೆಗೆ ಕೂ ಹಾಕಿಯೇ ಸುದ್ದಿ ಮುಟ್ಟಿಸುತ್ತಿದ್ದೆವು. ನಮ್ಮ ಮನೆ ಲೆಕ್ಕದಲ್ಲಿ ಒಂದು ಕೂ ಅಂದರೆ ಊಟಕ್ಕೆ ಬನ್ನಿ, ಎರಡು ಕೂ ಅಂದರೆ ದನ ತೋಟಕ್ಕೆ ನುಗ್ಗಿದೆ. ಹಾಗಾಗಿ ಈ ಬ್ರಾಂಚ್ ಸಿಕ್ಕಿದಾಗ ಖುಷಿಯಾಗಿತ್ತು. ಬಾವುಟದ ಪಾಠ ಚೆನ್ನಾಗಿಯೇ ಇತ್ತು. ಅಕ್ಷರಕ್ಕೆ 26, ಅಂಕಿಗೆ 10, ಒಂದೇ ಅಕ್ಷರ ಎರಡನೇ ಸಲ ಬಂದರೆ ಅದರ ಬದಲಿಗೆ ಹಾಕುವ ಸಬ್‌ಸ್ಟಿಟ್ಯೂಟ್ 3, ಎಲ್ಲಾ ಬೇಗ ಬಾಯಿಪಾಠ ಆಯಿತು. ಮೋರ್ಸ್ ಕೂಡ ಪರವಾಗಿಲ್ಲ.

ಆದರೆ ಅರ್ಧ ದಿನ ಮೇಜಿನ ಮುಂದೆ ಕೂರಿಸುತ್ತಾರೆ. ಮೆಸೇಜ್ ಫಾರಂ ತುಂಬು, ಸೀರಿಯಲ್ ನಂಬರ್ ಹಾಕು, ಬಂದ ಹೊತ್ತು ಬರಿ, ಯಾರ್ಯಾರಿಗೆ ಕಾಪಿ ಹೋಗಬೇಕು ನೋಡು, ಕೊಟ್ಟು ಸಹಿ ತಗೋ, ಫೈಲ್ ಮಾಡು, ಮತ್ತೆ ಟೈಪಿಂಗ್. ಊರಿನಲ್ಲಿ ಅಮ್ಮ ಎಲ್ಲರ ಹತ್ತಿರ ಮಗ ಹಡಗಿನಲ್ಲಿ ಬಾವುಟ ಹಾರಿಸುತ್ತಾನೆ ಅಂತ ಹೇಳಿಕೊಂಡು ಬಂದಿದ್ದಾರೆ, ನಾನು ನೋಡಿದರೆ ಪಂಚಾಯ್ತಿ ಆಫೀಸಿನ ಗುಮಾಸ್ತನ ಹಾಗೆ ರೂಲ್ ದೊಣ್ಣೆ ಹಿಡಿದು ಗೆರೆ ಎಳೆಯುತ್ತಿದ್ದೇನೆ.

ಅದಾದರೂ ಸರಿಯಾಗಿ ಬರುತ್ತದಾ, ಅದೂ ಇಲ್ಲ. ನನ್ನ ಅಕ್ಷರ ಕಾಗೆ ಕಾಲು. ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಟ್ರೇಯಲ್ಲಿ ಮೇಲೆ ಇದ್ದ ಕಾಗದವನ್ನೇ ಮೊದಲು ತೆಗೆದುಕೊಂಡು, ಅರ್ಜೆಂಟ್ ಇದ್ದದ್ದು ಕೆಳಗೇ ಉಳಿದಿತ್ತು. ಎಲ್ಲಕ್ಕಿಂತ ಮಾನ ಹೋಗಿದ್ದು ಝುಲು ಟೈಮಿನಲ್ಲಿ, ಅಂದರೆ ಮೆಸೇಜಿನ ಮೇಲೆ ಹಾಕುವ ಗ್ರೀನಿಚ್ ಟೈಮಿನಲ್ಲಿ. ಅಭ್ಯಾಸಕ್ಕೆ ಕೊಟ್ಟ ಮೆಸೇಜು, 10ನೇ ತಾರೀಕು ಬೆಳಗಿನ ಜಾವ ನಮ್ಮ ಟೈಮ್ 3 ಗಂಟೆ. ಐದೂವರೆ ತಾಸು ಕಳೆದು 2130 ಅಂತ ಸರಿಯಾಗಿಯೇ ಬರೆದೆ, ತಾರೀಕು ಮಾತ್ರ 9 ಮಾಡದೆ 10 ಅಂತಲೇ ಬಿಟ್ಟೆ. ಹೇಳಿಕೊಡುವವರು ಬೈಯಲಿಲ್ಲ. "ನಾಳೆ ಬೆಳಗಿನ ಜಾವ ಬರುವ ಮೆಸೇಜು ನಿನಗೆ ಇವತ್ತೇ ಸಿಕ್ಕಿತಾ?" ಅಂದರು. ಕ್ಲಾಸೆಲ್ಲ ನಕ್ಕಿತು. ಬೈದಿದ್ದರೇ ಚೆನ್ನಾಗಿತ್ತು.

ನನ್ನ ಪ್ರಶ್ನೆ ಇಷ್ಟು. ಹಡಗಿಗೆ ಹೋದ ಮೇಲೂ ಇದೇ ಕೆಲಸವಾ? ಈ 9 ದಿನದಲ್ಲಿ ಮನೆಯಲ್ಲೇ ಏನಾದರೂ ಅಭ್ಯಾಸ ಮಾಡಲು ಆಗುತ್ತದಾ? ನನ್ನದು 4 ವರ್ಷದ ಅಗ್ನಿವೀರ್ ಲೆಕ್ಕ, ಹೊರಗೆ ಬಂದ ಮೇಲೆ ಈ ವಿದ್ಯೆ ಯಾರಿಗೆ ಬೇಕು?


ಮಂಡಿ_ಲೆಕ್ಕ:

ಗುಮಾಸ್ತ ಅಂದರೆ ನಿನಗೆ ಅಷ್ಟು ಸಸಾರವಾ ಮಾರಾಯ? ನಾನು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದಕ್ಕೂ ಒಂದೊಂದು ದರ. ಒಂದು ಲಾಟಿನ ಚೀಟಿ ಇನ್ನೊಂದಕ್ಕೆ ಹೋಯಿತು ಅಂದರೆ ವರ್ಷಪೂರ್ತಿ ದುಡಿದವನ ದುಡ್ಡು ಬೇರೆಯವನ ಖಾತೆಗೆ. ಆಮೇಲೆ ಜಗಳ ಬಿಡಿಸಲು ನಿನ್ನ ಬಾವುಟ ಬರುವುದಿಲ್ಲ, ನನ್ನ ರಿಜಿಸ್ಟರೇ ಬರಬೇಕು.

ನೇವಿ ವಿಷಯ ನನಗೆ ಗೊತ್ತಿಲ್ಲ, ತಿಳಿದವರು ಹೇಳುತ್ತಾರೆ. ಸುಮ್ನೆ ಹೊಟ್ಟೆ ಉರಿಯಿತು, ಬರೆದೆ.


ನಿವೃತ್ತ_ಯೋಮನ್:

ತಮ್ಮಾ, ನಾನು ನೇವಿಯಲ್ಲಿ ಯೋಮನ್, ಅಂದರೆ ಸಿಗ್ನಲ್ ಕೆಲಸದ ಹಿರಿಯ ನಾವಿಕ, ಆಗಿದ್ದವನು. ಮೊದಲು ಒಂದು ಮಾತು. ಎಲ್ಲಿ ಕಲಿಯುತ್ತಿದ್ದೀಯ, ಯಾವ ಬ್ಯಾಚು ಅಂತ ಬರೆದಿಲ್ಲ, ಒಳ್ಳೆಯದು ಮಾಡಿದೆ. ಯಾರಾದರೂ ಕೇಳಿದರೂ ಹೇಳಬೇಡ, ಇನ್‌ಬಾಕ್ಸಿಗೆ ಬಂದು ನಯವಾಗಿ ಕೇಳುವವರಿಗಂತೂ ಬೇಡವೇ ಬೇಡ. 2019ರ ಡಿಸೆಂಬರಿನಲ್ಲಿ ನೌಕಾಪಡೆ ಹಡಗು ಮತ್ತು ನೆಲೆಗಳ ಒಳಗೆ ಸ್ಮಾರ್ಟ್‌ಫೋನ್, ಫೇಸ್‌ಬುಕ್ ಬೇಡ ಅಂದಿದ್ದು ಇಂಥದ್ದಕ್ಕೇ. ನಾನು ಇಲ್ಲಿ ಹೇಳುವುದೆಲ್ಲ ಪುಸ್ತಕದಲ್ಲಿ ಬಂದಿರುವ ಹಳೆಯ ಸಂಗತಿ, ಲೋಕಕ್ಕೆಲ್ಲ ಗೊತ್ತಿರುವುದು. ನೀನು ಕ್ಲಾಸಿನ ನೋಟ್ಸ್ ಇಲ್ಲಿ ಹಾಕಬೇಡ.

ಈಗ ನಿನ್ನ ಪ್ರಶ್ನೆ. ಹಡಗಿನಲ್ಲೂ ಇದೇ ಕೆಲಸ. ಇನ್ನೂ ಜಾಸ್ತಿ. ನಾನು ಊರು ಬಿಟ್ಟು ಹೋದಾಗ ನನಗೂ ನಿನ್ನ ಹಾಗೇ ಅನಿಸಿತ್ತು. ಆಗ ಕೊಚ್ಚಿಯಲ್ಲಿ ಕಲಿತದ್ದು. ಬಾವುಟದ ಕೆಲಸ ನೋಡಲು ಚಂದ, ಬಂದರಿಗೆ ಹೋಗುವಾಗ, ಬರುವಾಗ, ಹಡಗುಗಳು ಜೊತೆಯಾಗಿ ಹೋಗುವಾಗ ಇರುತ್ತದೆ. ಆದರೆ ನಡುರಾತ್ರಿ 12ರಿಂದ 4ರ ತನಕ ಮಿಡಲ್ ವಾಚ್ ಅನ್ನುವ ಪಾಳಿಯಲ್ಲಿ ಹಡಗು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ತೊನೆಯುತ್ತಿರುವಾಗ, ಪೆನ್ಸಿಲ್ ಉರುಳದ ಹಾಗೆ ಮಂಡಿಯಲ್ಲಿ ಒತ್ತಿ ಹಿಡಿದುಕೊಂಡು, ಬಂದ ಮೆಸೇಜು ಬರೆದುಕೊಂಡು, ಇದಕ್ಕಾಗಿ ಕ್ಯಾಪ್ಟನ್ ಸಾಹೇಬರನ್ನು ಎಬ್ಬಿಸಬೇಕಾ ಅಥವಾ ಬೆಳಿಗ್ಗೆ ತನಕ ಕಾಯಬಹುದಾ ಅಂತ ತೀರ್ಮಾನ ಮಾಡಬೇಕಲ್ಲ, ಅದು ನಿನ್ನ ಕೆಲಸ. ನೀನು ಬ್ರಿಜ್ಜಿನ, ಅಂದರೆ ಹಡಗು ನಡೆಸುವ ಜಾಗದ, ಕಿವಿ ಇದ್ದ ಹಾಗೆ. ಕಿವಿಯಲ್ಲಿ ಬಿದ್ದದ್ದು ತಲೆಗೆ ಮುಟ್ಟದಿದ್ದರೆ ಕೇಳಿಯೂ ಕೇಳದ ಹಾಗೆ.

ಎಬ್ಬಿಸುವುದಾ ಬೇಡವಾ ಅಂತ ನಿನ್ನ ಬುದ್ಧಿಗೆ ತೋಚಿದ ಹಾಗೆ ಮಾಡುವಂತಿಲ್ಲ, ಅದಕ್ಕೇ ಮೆಸೇಜಿನ ತಲೆಯ ಮೇಲೆ ದರ್ಜೆ ಇರುವುದು. ಫ್ಲ್ಯಾಷ್, ಇಮಿಡಿಯೇಟ್, ಪ್ರಯಾರಿಟಿ, ರೂಟೀನ್. ನಾಲ್ಕೇ. ಟ್ರೇಯಲ್ಲಿ ಕಾಗದ ಯಾವ ಕ್ರಮದಲ್ಲಿ ಬಿದ್ದಿದೆ ಅಂತ ನೋಡಬೇಡ. ಮೊದಲು ದರ್ಜೆ, ಒಂದೇ ದರ್ಜೆಯವು ಎರಡಿದ್ದರೆ ಮೊದಲು ಬಂದದ್ದು ಮೊದಲು. ಮೇಲಿನದನ್ನು ಕೈಗೆತ್ತಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು, ಕೈಗೆ ಅದೇ ಸಲೀಸು. ಮನೆಯಲ್ಲಿ ಅಭ್ಯಾಸ ಮಾಡಬೇಕು ಅಂದರೆ ಹಳೆಯ ಇಸ್ಪೀಟು ಎಲೆ ತಗೋ. ನಾಲ್ಕು ಜಾತಿಗೆ ನಾಲ್ಕು ದರ್ಜೆ ಅಂತ ಇಟ್ಟುಕೋ. ಕಲಸಿ, ತಮ್ಮನೋ ತಂಗಿಯೋ ಒಂದೊಂದೇ ಎಲೆ ಎಸೆಯಲಿ, ನೀನು ಹಾಗೇ ಜೋಡಿಸುತ್ತಾ ಹೋಗು, ಮಧ್ಯೆ ಅವರು ಬೇರೆ ಏನಾದರೂ ಮಾತಾಡಿಸುತ್ತಲೂ ಇರಲಿ. ಸಿಗ್ನಲ್ ಆಫೀಸಿನಲ್ಲಿ ಯಾರೂ ಸುಮ್ಮನಿರುವುದಿಲ್ಲ.

ಎರಡನೆಯದು, ಮೆಸೇಜು ಯಾರಿಗೆ ಅನ್ನುವುದು. ಆ್ಯಕ್ಷನ್ ಅಂತ ಬರೆದವರು ಏನಾದರೂ ಮಾಡಬೇಕು, ಇನ್ಫೋ ಅಂತ ಬರೆದವರು ತಿಳಿದುಕೊಂಡರೆ ಸಾಕು. ನನ್ನದೇ ಕಥೆ ಹೇಳುತ್ತೇನೆ, ನಗಬೇಡ. ಹಡಗಿನ ಹೆಸರು ಬೇಡ. ಕುಡಿಯುವ ನೀರಿನ ಬಾರ್ಜು ಇಷ್ಟು ಗಂಟೆಗೆ ಬರುತ್ತದೆ ಅಂತ ಮೆಸೇಜು ಬಂತು. ನಮ್ಮ ಹಡಗಿನ ಹೆಸರು ಆ್ಯಕ್ಷನ್ ಸಾಲಿನ ಕೊನೆಯಲ್ಲಿತ್ತು, ನಾನು ನಿದ್ದೆಗಣ್ಣಿನಲ್ಲಿ ಅದನ್ನು ಇನ್ಫೋ ಅಂತ ಓದಿ ಟ್ರೇಗೆ ಹಾಕಿ ಸುಮ್ಮನಾದೆ. ಬಾರ್ಜು ಬಂತು, ಪೈಪು ಹಿಡಿಯಲು ಯಾರೂ ಇರಲಿಲ್ಲ, ಹೋಯಿತು. ಎರಡು ದಿನ ಹಡಗಿನಲ್ಲಿ ಸ್ನಾನಕ್ಕೆ ನೀರಿಲ್ಲ. ಅದು ಮೇ ತಿಂಗಳು. ಎಲ್ಲರಿಗೂ ನನ್ನ ಹೆಸರು ಗೊತ್ತಾಗಿದ್ದು ಆಗಲೇ.

ಮೂರನೆಯದು ಬಹಳ ಮುಖ್ಯ. ಬಂದ ಪಠ್ಯವನ್ನು ನೀನು ತಿದ್ದುವ ಹಾಗಿಲ್ಲ. ಅರ್ಥ ಆಗದಿದ್ದರೆ ಮತ್ತೆ ಕೇಳು, ಆದರೆ "ಇವರು ಹೀಗೆ ಹೇಳಿರಬೇಕು" ಅಂತ ನೀನೇ ತುಂಬಬೇಡ. ಇದಕ್ಕೆ ಒಂದು ಹಳೆಯ ಕಥೆ ಇದೆ. 1944ರ ಅಕ್ಟೋಬರ್ 25, ಫಿಲಿಪ್ಪೀನ್ಸ್ ಹತ್ತಿರ ಲೇಟೆ ಕೊಲ್ಲಿಯ ಯುದ್ಧ. ಅಮೆರಿಕದ ಅಡ್ಮಿರಲ್ ಹಾಲ್ಸಿ ನ್ಯೂಜೆರ್ಸಿ ಅನ್ನುವ ಹಡಗಿನಲ್ಲಿ ಉತ್ತರಕ್ಕೆ ಜಪಾನಿನ ಹಡಗುಗಳನ್ನು ಅಟ್ಟಿಕೊಂಡು ಹೋಗಿದ್ದ. ಹಿಂದೆ ಉಳಿದ ಸಣ್ಣ ಹಡಗುಗಳ ಮೇಲೆ ಜಪಾನಿನ ದೊಡ್ಡ ಹಡಗುಗಳು ಬಿದ್ದಿದ್ದವು. ಹವಾಯಿಯಲ್ಲಿದ್ದ ಅಡ್ಮಿರಲ್ ನಿಮಿಟ್ಜ್ ಕೇಳಿದ್ದು ಇಷ್ಟೇ, ಟಾಸ್ಕ್ ಫೋರ್ಸ್ 34, ಅಂದರೆ ಹಾಲ್ಸಿಯ ದೊಡ್ಡ ಯುದ್ಧನೌಕೆಗಳ ತಂಡ, ಎಲ್ಲಿದೆ ಅಂತ. ಆಗೆಲ್ಲ ಗುಪ್ತ ಸಂದೇಶವನ್ನು ಶತ್ರು ಒಡೆಯದ ಹಾಗೆ ಹಿಂದೆ ಮುಂದೆ ಸಂಬಂಧ ಇಲ್ಲದ ಮಾತು ಸೇರಿಸುತ್ತಿದ್ದರು. ಈ ಕಡೆ ಬಿಡಿಸುವವನು ಅದನ್ನು ತೆಗೆದು ಕೊಡಬೇಕು. ಅವತ್ತು ಕಳಿಸಿದ ಗುಮಾಸ್ತ ಕೊನೆಗೆ ಸೇರಿಸಿದ ಮಾತು "ಲೋಕವೇ ಕೇಳುತ್ತಿದೆ" ಅನ್ನುವ ಅರ್ಥದ್ದು. ಗುರುತಿಗೆ ನಡುವೆ ಜೋಡಿ ಅಕ್ಷರ ಇತ್ತು. ಆದರೂ ನ್ಯೂಜೆರ್ಸಿಯಲ್ಲಿ ಬಿಡಿಸಿದವರಿಗೆ ಅದು ಮೆಸೇಜಿನದ್ದೇ ಭಾಗ ಅಂತ ಅನಿಸಿತು, ಅಷ್ಟು ಚೆನ್ನಾಗಿ ಕೂರುತ್ತಿತ್ತು. ಶುರುವಿನಲ್ಲಿ ಸೇರಿಸಿದ್ದ ಮಾತು ಕತ್ತರಿಸಿದರು, ಕೊನೆಯದ್ದನ್ನು ಹಾಗೇ ಉಳಿಸಿದರು. ಹಾಲ್ಸಿ ಓದಿದ: ಟಾಸ್ಕ್ ಫೋರ್ಸ್ ಎಲ್ಲಿದೆ, ಲೋಕವೇ ಕೇಳುತ್ತಿದೆ. ಮೇಲಧಿಕಾರಿ ತನ್ನನ್ನು ಹಂಗಿಸುತ್ತಿದ್ದಾನೆ ಅಂತ ಸಿಟ್ಟಿನಲ್ಲಿ ಟೋಪಿ ತೆಗೆದು ನೆಲಕ್ಕೆ ಎಸೆದ. ಹಡಗು ತಿರುಗಿಸುವ ಹೊತ್ತಿಗೆ ಸುಮಾರು ಒಂದು ತಾಸು ಕಳೆದಿತ್ತು. ನೋಡು, ಗುಂಡು ಹಾರಿಸಿದವರಲ್ಲ, ಮೇಜಿನ ಮುಂದೆ ಕೂತವರು ಮಾಡಿದ್ದು ಇದು.

ನಮ್ಮ ಕಡೆಯದ್ದೂ ಒಂದಿದೆ, ಇದು ಹೆಮ್ಮೆಯದು. 1971ರಲ್ಲಿ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ವಿಮಾನ ಹೊರುವ ನಮ್ಮ ಹಡಗು ವಿಕ್ರಾಂತ್ ಹುಡುಕಿಕೊಂಡು ಬಂಗಾಳ ಕೊಲ್ಲಿಗೆ ಬಂತು. ವಿಕ್ರಾಂತ್ ಅಂಡಮಾನ್ ಕಡೆ ಸುರಕ್ಷಿತವಾಗಿತ್ತು. ಪೂರ್ವ ಕಮಾಂಡಿನ ವೈಸ್ ಅಡ್ಮಿರಲ್ ಕೃಷ್ಣನ್ ಏನು ಮಾಡಿದರು ಗೊತ್ತಾ? ವಿಕ್ರಾಂತ್ ಇಲ್ಲೇ ಇದೆ ಅಂತ ಶತ್ರು ನಂಬಲಿ ಅಂತ ರಾಜಪೂತ್ ಅನ್ನುವ ಹಳೆಯ ಹಡಗನ್ನು ಹೊರಗೆ ಕಳಿಸಿ, ದೊಡ್ಡ ಹಡಗಿನಿಂದ ಬರುವಷ್ಟು ವೈರ್‌ಲೆಸ್ ಮೆಸೇಜು ಅದರಿಂದ ಕಳಿಸಿದರು. ಜೊತೆಗೆ ಒಂದು ಸಣ್ಣ ಮೆಸೇಜನ್ನು ಬೇಕಂತಲೇ ಗುಪ್ತ ಲಿಪಿ ಇಲ್ಲದೆ ಬಿಟ್ಟರು. ಹಡಗಿನ ನಾವಿಕನೊಬ್ಬ ಕಾಯಿಲೆ ಬಿದ್ದ ತಾಯಿ ಹೇಗಿದ್ದಾರೆ ಅಂತ ವಿಚಾರಿಸಿದ ಹಾಗೆ. ಎಷ್ಟು ಮಾಮೂಲಿ ಮೆಸೇಜು ಅಲ್ವಾ? ಅದಕ್ಕೇ ಅದು ನಂಬುವ ಹಾಗಿತ್ತು. ಘಾಜಿ ವಿಶಾಖಪಟ್ಟಣದ ಹೊರಗೆ ಡಿಸೆಂಬರ್ 3ರ ನಡುರಾತ್ರಿಯ ಆಸುಪಾಸಿನಲ್ಲಿ ಮುಳುಗಿತು. ಹೇಗೆ ಮುಳುಗಿತು ಅನ್ನುವ ವಾದ ಇವತ್ತಿಗೂ ಇದೆ, ಅದು ಬೇರೆ ಮಾತು. ನಾನು ಹೇಳುವುದು ಮೆಸೇಜಿನ ತಲೆಯ ಮೇಲೆ ಗುಪ್ತ ಅಂತ ಹಾಕುವುದಾ ಬಿಡುವುದಾ ಅನ್ನುವ ಒಂದು ಗೀಟು ಎಷ್ಟು ಕೆಲಸ ಮಾಡುತ್ತದೆ ಅಂತ.

ಅಕ್ಷರದ ವಿಷಯ ಸುಲಭ. ಕೂಡಿಸಿ ಬರೆಯಬೇಡ, ದೊಡ್ಡ ಅಕ್ಷರ ಬಿಡಿ ಬಿಡಿಯಾಗಿ ಬರಿ. ಸೊನ್ನೆಗೆ ಅಡ್ಡ ಗೀಟು, ಝಡ್‌ಗೆ ಹೊಟ್ಟೆಯ ಮೇಲೆ ಒಂದು ಗೀಟು, ಇಲ್ಲದಿದ್ದರೆ 2 ಆಗುತ್ತದೆ. 5 ಮತ್ತು ಎಸ್, 1 ಮತ್ತು ಐ, ಇವೇ ಕಳ್ಳರು. ತಪ್ಪಾದರೆ ರಬ್ಬರ್ ಮುಟ್ಟಬೇಡ, ಮೇಲೆ ಮೇಲೆ ಗೀಚಬೇಡ. ಒಂದೇ ಗೆರೆ ಹೊಡೆದು, ಪಕ್ಕ ಸರಿಯಾದದ್ದು ಬರೆದು, ಚಿಕ್ಕ ಸಹಿ. ಹಳೆಯದು ಓದಲು ಬರುವ ಹಾಗೇ ಇರಬೇಕು. ಹಾಳೆಯನ್ನಂತೂ ಯಾವತ್ತೂ ಹರಿಯಬೇಡ.

ಬೆರಳು ನೋಯುತ್ತಿದೆ, ಉಳಿದದ್ದು ಆಮೇಲೆ.


ಹೊಸನಗರದ_ಹುಡುಗ:

ಸರ್, ತುಂಬಾ ಧನ್ಯವಾದ. ನೀರಿನ ಕಥೆಗೆ ನಕ್ಕೆ, ಕ್ಷಮಿಸಿ. ಝುಲುಗೆ ಏನಾದರೂ ಸುಲಭದ ದಾರಿ ಇದೆಯಾ? ಲೆಕ್ಕ ಬರುತ್ತದೆ, ಆದರೆ ಅವಸರದಲ್ಲಿ ತಾರೀಕು ಕೈ ಕೊಡುತ್ತದೆ. ನಮ್ಮ ಟೈಮಿಗೆ ಒಂದು ಅಕ್ಷರ ಕೊಟ್ಟಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.


ನಿವೃತ್ತ_ಯೋಮನ್:

ನಮ್ಮ ಟೈಮಿಗೆ ತನ್ನದೇ ಆದ ಅಕ್ಷರ ಇಲ್ಲದ್ದಕ್ಕೆ ಕಾರಣ ಆ ಅರ್ಧ ತಾಸು. ಅಕ್ಷರಗಳು ಪೂರ್ತಿ ಗಂಟೆಯ ಲೆಕ್ಕಕ್ಕೆ. 5 ಗಂಟೆ ಮುಂದೆ ಇದ್ದರೆ ಎಕೋ, 6 ಗಂಟೆ ಇದ್ದರೆ ಫಾಕ್ಸ್‌ಟ್ರಾಟ್, ನಾವು ನಡುವೆ ಸಿಕ್ಕಿಕೊಂಡಿದ್ದೇವೆ.

ನಾನು ಕಲಿತ ದಾರಿ ನಮ್ಮೂರಿನದ್ದೇ. ಬೆಳಿಗ್ಗೆ ಐದೂವರೆಗೆ ಅಮ್ಮ ಹಾಲು ಕರೆಯಲು ಕೊಟ್ಟಿಗೆಗೆ ಹೋಗುತ್ತಿದ್ದರು. ಅಮ್ಮ ಕೊಟ್ಟಿಗೆಗೆ ಹೋಗುವ ತನಕ ಝುಲುವಿನಲ್ಲಿ ನಿನ್ನೆ. ಹೋದ ಮೇಲೆ ಇವತ್ತು. ಅಷ್ಟೇ. ಮೊದಲು ತಾರೀಕು ತೀರ್ಮಾನ ಮಾಡಿ ಬರಿ, ಆಮೇಲೆ ಗಂಟೆ ಕಳಿ. ನೀನು ಗಂಟೆ ಮೊದಲು ಕಳೆದೆ, ಸರಿ ಬಂತು ಅಂತ ಸಮಾಧಾನ ಆಯಿತು, ತಾರೀಕು ಮರೆತೆ. ಫಾರಂನಲ್ಲಿಯೂ ತಾರೀಕೇ ಮೊದಲು ಬರುವುದು, ಎರಡು ಅಂಕಿ ತಾರೀಕು, ನಾಲ್ಕು ಅಂಕಿ ಹೊತ್ತು, ಆಮೇಲೆ ಝಡ್.

ಇನ್ನೊಂದು, ಪೆನ್ನು ತೆಗೆಯುವ ಮೊದಲು ಗಡಿಯಾರ ನೋಡು. ಬಂದ ಹೊತ್ತು ಅಂದರೆ ಬಂದ ಹೊತ್ತು, ನೀನು ಬರೆದು ಮುಗಿಸಿದ ಹೊತ್ತಲ್ಲ.


ಕೊಡಚಾದ್ರಿ_ಮೇಟ್:

ನಾನು ಮರ್ಚಂಟ್ ನೇವಿಯವನು, ಈಗ ರಜೆಯಲ್ಲಿ ನಿಟ್ಟೂರಿನ ಮನೆಯಲ್ಲಿದ್ದೇನೆ. ಹಿರಿಯರ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆದರೆ ಕೈಬರಹಕ್ಕೆ ಇಷ್ಟು ಹೊತ್ತು ಕೊಡಬೇಕಾ? ನಮ್ಮಲ್ಲಿ 1999ರ ಫೆಬ್ರವರಿ 1ರಿಂದ ಆಪತ್ತಿನ ಸಂದೇಶದ ವ್ಯವಸ್ಥೆಯಾದ ಜಿಎಂಡಿಎಸ್‌ಎಸ್ ಪೂರ್ತಿ ಬಂತು. ಹಡಗು ಆಪತ್ತಿನಲ್ಲಿದ್ದರೆ ಉಪಗ್ರಹ, ಡಿಜಿಟಲ್ ರೇಡಿಯೋ. ಅಲ್ಲಿಗೆ ಮೋರ್ಸ್ ಕಥೆ ಮುಗಿಯಿತು, ಹಡಗಿಗೊಬ್ಬ ರೇಡಿಯೋ ಆಫೀಸರ್ ಅನ್ನುವ ಹುದ್ದೆಯೂ ಹೋಯಿತು. ಆ ಕೆಲಸ ಈಗ ಹಡಗು ನಡೆಸುವ ಅಧಿಕಾರಿಗಳಾದ ನಮ್ಮಂಥ ಮೇಟ್‌ಗಳ ತಲೆಗೆ. ಹವಾಮಾನದ ಎಚ್ಚರಿಕೆ ನಾವ್‌ಟೆಕ್ಸ್‌ನಲ್ಲಿ ತಾನೇ ಬರುತ್ತದೆ. ಹುಡುಗ ಟೈಪಿಂಗ್, ಕಂಪ್ಯೂಟರ್ ಕಡೆ ಗಮನ ಕೊಟ್ಟರೆ ಮುಂದೆ ಉಪಯೋಗ.

ಒಂದು ಮಾತ್ರ ಒಪ್ಪುತ್ತೇನೆ, ಲಾಗ್, ಅಂದರೆ ನಡೆದದ್ದನ್ನು ಬರೆದಿಡುವ ಪುಸ್ತಕ, ಹೋಗಿಲ್ಲ. ರೇಡಿಯೋ ಲಾಗ್ ದಿನಾ ಬರೆಯಬೇಕು, ದಿನಾ ಟೆಸ್ಟ್ ಮಾಡಿ ಸಹಿ ಹಾಕಬೇಕು. ಬಂದರಿನಲ್ಲಿ ತಪಾಸಣೆಗೆ ಬಂದವರು ಕೇಳುವ ಪುಸ್ತಕಗಳಲ್ಲಿ ಅದೂ ಒಂದು. ನಾನು ಒಂದು ಸಲ ಮೂರು ದಿನದ್ದು ಒಟ್ಟಿಗೆ ಒಂದೇ ಪೆನ್ನಿನಲ್ಲಿ ಬರೆದಿದ್ದೆ. ತಪಾಸಣೆಯವರು ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ, ನನಗೆ ಅಷ್ಟೇ ಸಾಕಾಗಿತ್ತು.

4 ವರ್ಷದ ನಂತರದ ಪ್ರಶ್ನೆಗೆ: ನೇವಿಯ ಸಿಗ್ನಲ್ ಅನುಭವ ಇದೆ ಅಂತ ನೇರವಾಗಿ ಇಲ್ಲಿ ಹಡಗಿನ ಅಧಿಕಾರಿ ಆಗಲು ಬರುವುದಿಲ್ಲ, ಅದಕ್ಕೆ ಬೇರೆ ಓದು, ಬೇರೆ ಪರೀಕ್ಷೆ, ಜಿಎಂಡಿಎಸ್‌ಎಸ್ ಸರ್ಟಿಫಿಕೇಟೂ ಬೇರೆ. ಯಾರಾದರೂ ದುಡ್ಡು ಕೊಟ್ಟರೆ ಸೀದಾ ಹಡಗು ಹತ್ತಿಸುತ್ತೇವೆ ಅಂದರೆ ನಂಬಬೇಡ. ಮಲೆನಾಡಿನ ಹುಡುಗರು ತೋಟ ಅಡವಿಟ್ಟು ಹಾಗೆ ಮೋಸ ಹೋಗಿದ್ದನ್ನು ನೋಡಿದ್ದೇನೆ.


ನಿವೃತ್ತ_ಯೋಮನ್:

ಕೊಡಚಾದ್ರಿಯವರೇ, ನೀವು ಹೇಳಿದ್ದು ನಿಮ್ಮ ಹಡಗಿಗೆ ಸರಿ. ಯುದ್ಧದ ಹಡಗಿಗೆ ಕೆಲವು ಸಲ ಬಾಯಿ ಮುಚ್ಚಿಕೊಂಡು ಹೋಗಬೇಕಾಗುತ್ತದೆ. ರೇಡಿಯೋ ಬಾಯಿ ತೆರೆದರೆ ನಾವು ಎಲ್ಲಿದ್ದೇವೆ ಅಂತ ದೂರದವನಿಗೂ ಗೊತ್ತಾಗುತ್ತದೆ. ಬಾವುಟ, ದೀಪ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ. ಅದಕ್ಕೇ ಅವು ಇನ್ನೂ ಇವೆ. ದೀಪದಲ್ಲಿ ಬಂದದ್ದನ್ನು ಒಬ್ಬ ನೋಡಿ ಹೇಳುತ್ತಾನೆ, ಇನ್ನೊಬ್ಬ ಕೈಯಲ್ಲೇ ಬರೆಯಬೇಕು, ಕತ್ತಲಲ್ಲಿ, ಕಾಗದ ನೋಡದೆ. ಹುಡುಗನ ಅಕ್ಷರ ಅಲ್ಲಿ ಬೇಕು.

ಟೈಪಿಂಗ್ ಬಗ್ಗೆ ನಾನು ಏನೂ ಹೇಳಲಾರೆ, ನಾನು ಎರಡೇ ಬೆರಳಿನವನು.


ತಂತಿ_ಕಚೇರಿಯ_ಅಕ್ಕ:

ಟೈಪಿಂಗ್ ಬಗ್ಗೆ ನಾನು ಹೇಳುತ್ತೇನೆ. ನಾನು ನೇವಿಯವಳಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ತಂತಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಈ ಪೋಸ್ಟ್ ಓದುತ್ತಾ ನನ್ನ ಮೊದಲ ವರ್ಷವೇ ನೆನಪಾಯಿತು. ಟಕ್ ಟಕ್ ಕಲಿಯುವುದು ಅಷ್ಟು ಕಷ್ಟ ಆಗಲಿಲ್ಲ ಕಂದಾ, ಫಾರಂ ಕಷ್ಟ ಆಯಿತು. ಪದ ಎಣಿಸು, ದುಡ್ಡು ಲೆಕ್ಕ ಹಾಕು, ಕೊಟ್ಟ ಹೊತ್ತು, ಕಳಿಸಿದ ಹೊತ್ತು, ಯಾರು ಕಳಿಸಿದರು, ಎಲ್ಲಾ ಬೇಕು.

ನಿನಗೆ ನಾಲ್ಕು ದರ್ಜೆ ಇದೆಯಲ್ಲ, ನಮಗೂ ಇತ್ತು. ಸಾವಿನ ಸುದ್ದಿಯ ತಂತಿಗೆ ಎರಡು ಎಕ್ಸ್ ಗುರುತು. ಆ ಗುರುತು ಕಂಡರೆ ಕೈಯಲ್ಲಿದ್ದದ್ದು ಬಿಟ್ಟು ಅದನ್ನೇ ಕಳಿಸಬೇಕು. ಮದುವೆಯ ಶುಭಾಶಯ ಕಾಯಬಹುದು, ಅದಕ್ಕೆ ಅಂತ ನಂಬರ್ ಹಾಕಿದ ಸಿದ್ಧ ವಾಕ್ಯಗಳಿದ್ದವು, ನಂಬರ್ ಕಳಿಸಿದರೆ ಆ ಕಡೆಯವರು ಪೂರ್ತಿ ವಾಕ್ಯ ಬರೆದುಕೊಡುತ್ತಿದ್ದರು. ಒಂದು ಅಂಕಿ ತಪ್ಪಿದರೆ ಏನಾಗುತ್ತದೆ ಅಂತ ನೀನೇ ಯೋಚನೆ ಮಾಡು. ಮದುವೆಮನೆಗೆ ಪರೀಕ್ಷೆ ಪಾಸಾದ ಅಭಿನಂದನೆ ಹೋಗುತ್ತದೆ! ಅದಕ್ಕೇ ಅಂಕಿಗಳನ್ನು ಮತ್ತೊಮ್ಮೆ ಕೊನೆಯಲ್ಲಿ ಹೇಳಿ ತಾಳೆ ನೋಡುತ್ತಿದ್ದೆವು. ನೀನೂ ಅಂಕಿ ಬಂದರೆ ಸುಮ್ನೆ ಬಿಡಬೇಡ, ತಿರುಗಿ ಹೇಳಿ ಕೇಳು.

ಮಳೆಗಾಲದಲ್ಲಿ ಆಗುಂಬೆ ಕಡೆ ಮರ ಬಿದ್ದು ಲೈನು ಹೋಗುತ್ತಿತ್ತು. ಲೈನ್‌ಮನ್ ಕಂಬಳಿ ಕೊಪ್ಪೆ ಹಾಕಿಕೊಂಡು ಕಾಡಿನಲ್ಲಿ ನಡೆದು ಹೋಗಿ ಹುಡುಕಬೇಕು. ಅಲ್ಲಿಯ ತನಕ ತಂತಿಗಳು ಮೇಜಿನ ಮೇಲೆ ಗುಡ್ಡೆ. ಲೈನು ಬಂದ ಕೂಡಲೇ ಯಾವುದನ್ನು ಮೊದಲು ಕಳಿಸುವುದು? ಗುಡ್ಡೆಯ ಮೇಲಿನದ್ದನ್ನಲ್ಲ. ಆ ಎರಡು ಎಕ್ಸ್ ಹುಡುಕಿ ತೆಗೆದು ಇಟ್ಟುಕೊಂಡೇ ಕಾಯುತ್ತಿದ್ದೆವು.

ಗುರುತು ಹಾಕದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಇಲಾಖೆಯವರು ಹೇಳುತ್ತಿದ್ದ ಕಥೆ ಒಂದಿದೆ, ಆಮೇಲೆ ಪುಸ್ತಕದಲ್ಲೂ ಓದಿದೆ. 1941ರ ಡಿಸೆಂಬರ್ 7, ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿದ ದಿನ. ವಾಷಿಂಗ್ಟನ್ನಿನಿಂದ ಅಮೆರಿಕದ ಸೈನ್ಯದ ಮುಖ್ಯಸ್ಥ ಜನರಲ್ ಮಾರ್ಷಲ್ ಎಚ್ಚರಿಕೆಯ ಸಂದೇಶ ಕಳಿಸಿದ್ದ. ಸೈನ್ಯದ ರೇಡಿಯೋ ಅವತ್ತು ಪರ್ಲ್ ಹಾರ್ಬರ್ ಪಕ್ಕದ ಹೊನೊಲುಲುಗೆ ಮುಟ್ಟಲಿಲ್ಲ, ಹಾಗಾಗಿ ಎಲ್ಲರೂ ಬಳಸುವ ಖಾಸಗಿ ತಂತಿಯಲ್ಲಿ ಹೋಯಿತು. ಲಕೋಟೆಯ ಮೇಲೆ ಅರ್ಜೆಂಟ್ ಅನ್ನುವ ಗುರುತಿಲ್ಲ. ತಂತಿ ಹುಡುಗ ಉಳಿದ ತಂತಿಗಳ ಜೊತೆ ಮೋಟರ್‌ಸೈಕಲ್ಲಿನಲ್ಲಿ ತಗೊಂಡು ಹೊರಟ. ಅವನು ಹೋಗುತ್ತಿರುವಾಗಲೇ ಮೇಲೆ ವಿಮಾನ. ಮುಟ್ಟಿಸಿದ್ದು ದಾಳಿ ಮುಗಿದ ಮೇಲೆ. ಆ ಹುಡುಗನದ್ದು ಏನೂ ತಪ್ಪಿಲ್ಲ, ಪಾಪ. ನನಗೆ ಯಾವಾಗಲೂ ಅವನದ್ದೇ ಯೋಚನೆ ಬರುತ್ತದೆ.

ಟೈಪಿಂಗಿಗೆ ಬರೋಣ. 9 ದಿನದಲ್ಲಿ ವೇಗ ಬರುವುದಿಲ್ಲ, ಆಸೆ ಬಿಡು. ತಪ್ಪಿಲ್ಲದೆ ಬರುವುದನ್ನು ಕಲಿ. ಎ ಎಸ್ ಡಿ ಎಫ್, ಬೆರಳು ಅದರದರ ಮನೆಯಲ್ಲಿ, ಕೀ ಮೇಲೆ ಟವೆಲ್ ಮುಚ್ಚಿ ಹೊಡಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ರಟ್ಟಿನ ಮೇಲೆ ಕೀಲಿಮಣೆ ಬರೆದುಕೊಂಡು ಬೆರಳು ಆಡಿಸು, ನಗುವ ಮಾತಲ್ಲ, ನಾವು ಹಾಗೇ ಮಾಡಿದ್ದು. ಇಂಗ್ಲಿಷ್ ಪೇಪರಿನಲ್ಲಿ ಹವಾಮಾನ, ಷೇರು ದರ ಇರುತ್ತದಲ್ಲ, ಅಂಥ ಅಂಕಿ ತುಂಬಿದ ಭಾಗವನ್ನೇ ಹೊಡಿ. ಕಥೆ ಹೊಡೆಯಬೇಡ. ಕಥೆಯಲ್ಲಿ ಮುಂದಿನ ಪದ ಊಹೆ ಆಗುತ್ತದೆ, ಕಣ್ಣು ಮೋಸ ಮಾಡುತ್ತದೆ.

ಮತ್ತೆ ಹೊರಗೆ ಬಂದ ಮೇಲೆ ಯಾರಿಗೆ ಬೇಕು ಅಂದೆಯಲ್ಲ. 2013ರ ಜುಲೈ 14ರ ರಾತ್ರಿ ದೇಶದಲ್ಲಿ ಕೊನೆಯ ತಂತಿಗಳನ್ನು ತಗೊಂಡರು. ನಮ್ಮ ವಿದ್ಯೆ ಒಂದೇ ರಾತ್ರಿಗೆ ಮುಗಿಯಿತು. ಆದರೂ ಇವತ್ತಿಗೂ ನಮ್ಮ ಬೀದಿಯವರು ಬ್ಯಾಂಕಿನ ಫಾರಂ, ಆಸ್ಪತ್ರೆಯ ಫಾರಂ ಹಿಡಿದುಕೊಂಡು ನನ್ನ ಹತ್ತಿರವೇ ಬರುತ್ತಾರೆ. ದುಡ್ಡು ಕೊಡುವುದಿಲ್ಲ, ಹಲಸಿನ ಹಪ್ಪಳ ಕೊಡುತ್ತಾರೆ.


ಮಂಡಿ_ಲೆಕ್ಕ:

ಅಕ್ಕಾ, ನಮ್ಮ ಮಂಡಿಗೆ ಬನ್ನಿ, ದುಡ್ಡೂ ಕೊಡುತ್ತೇವೆ. ಈಗಿನ ಹುಡುಗರಿಗೆ 1 ಯಾವುದು 7 ಯಾವುದು ಗೊತ್ತಾಗುವ ಹಾಗೆ ಬರೆಯಲು ಬರುವುದಿಲ್ಲ.


ಹೊಸನಗರದ_ಹುಡುಗ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಐದು ದಿನ ಆಯಿತು, ಏನು ಮಾಡಿದೆ ಅಂತ ವರದಿ ಕೊಡುತ್ತೇನೆ.

ಇಸ್ಪೀಟು ಆಟ ತಂಗಿ ಆಡಿಸುತ್ತಿದ್ದಾಳೆ. ಮೊದಲ ದಿನ 52ರಲ್ಲಿ 11 ತಪ್ಪು. ನಿನ್ನೆ 2. ಅವಳು ಮಧ್ಯೆ ಮಧ್ಯೆ "ಅಣ್ಣಾ ಹಿಂದೆ ಹಾವು" ಅಂತ ಕೂಗುತ್ತಾಳೆ, ಮಳೆಗಾಲ, ನಂಬಲೂಬೇಕು. ರಟ್ಟಿನ ಕೀಲಿಮಣೆ ಮಾಡಿದ್ದೇನೆ, ಅಪ್ಪ ಅದನ್ನು ನೋಡಿ ಏನೂ ಮಾತಾಡದೆ ಹೋದರು.

ಒಂದು ವಿಷಯ ಹೇಳಲೇಬೇಕು. ಅಮ್ಮ ತೋಟದ ಕೆಲಸದವರ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಎಷ್ಟು ವರ್ಷದಿಂದ ನೋಡಿದ್ದೇನೆ, ಯಾವತ್ತೂ ಬಿಚ್ಚಿ ನೋಡಿರಲಿಲ್ಲ. ಮೊನ್ನೆ ಕೊಳೆ ರೋಗಕ್ಕೆ ಔಷಧಿ ಹೊಡೆಯುವವರು ಬಂದಿದ್ದರು, ಸಂಜೆ ಅಮ್ಮ ಬರೆಯುವಾಗ ಪಕ್ಕ ಕೂತು ನೋಡಿದೆ. ಒಬ್ಬರಿಗೆ ಅರ್ಧ ದಿನ ಅಂತ ಬರೆಯುವ ಕಡೆ ಪೂರ್ತಿ ದಿನ ಬರೆದುಬಿಟ್ಟರು. ರಬ್ಬರ್ ಮುಟ್ಟಲಿಲ್ಲ. ಒಂದೇ ಗೆರೆ ಹೊಡೆದು, ಪಕ್ಕ ಅರ್ಧ ಅಂತ ಬರೆದು, ತಮ್ಮ ಹೆಸರಿನ ಮೊದಲ ಅಕ್ಷರ ಹಾಕಿದರು. ಎಂತಕ್ಕೆ ಅಮ್ಮ ಹಾಗೆ ಅಂತ ಕೇಳಿದೆ. "ಉಜ್ಜಿದರೆ ಅವರಿಗೆ ಅನುಮಾನ ಬರುತ್ತದಲ್ಲ ಮಗಾ, ಹಿಂದೆ ಏನಿತ್ತು ಅಂತ ಅವರೂ ನೋಡಲಿ" ಅಂದರು. ನಾನು ಅಲ್ಲಿ ತಿಂಗಳುಗಟ್ಟಲೆ ಬೈಸಿಕೊಂಡು ಕಲಿತದ್ದು ಇಲ್ಲಿ ಅಡುಗೆಮನೆಯ ಗೂಡಿನಲ್ಲಿ ಇತ್ತು. ಅದಕ್ಕಿಂತ ಹೆಚ್ಚು ಏನೂ ಹೇಳಲು ತೋಚುತ್ತಿಲ್ಲ.

ಅಕ್ಷರ ಮಾತ್ರ ಇನ್ನೂ ಕಾಗೆ ಕಾಲೇ. ಆದರೆ ಬಿಡಿ ಬಿಡಿ ಕಾಗೆ ಕಾಲು.

ಯೋಮನ್ ಸರ್, ವಾಚ್ ಬದಲಾಗುವಾಗ ಏನು ನೋಡಬೇಕು ಅಂತ ಹೇಳಿರಲಿಲ್ಲ.


ನಿವೃತ್ತ_ಯೋಮನ್:

ನಿನ್ನ ತಾಯಿಯನ್ನು ನಮ್ಮ ಕಾಲದಲ್ಲಿ ಸಿಗ್ನಲ್ ಆಫೀಸಿಗೆ ಕೂರಿಸಬೇಕಿತ್ತು.

ವಾಚ್ ಬದಲಾಗುವಾಗ ಬರುವವನಿಗೆ ನಿದ್ದೆ, ಹೋಗುವವನಿಗೆ ಅವಸರ. ತಪ್ಪೆಲ್ಲ ಆ ಐದು ನಿಮಿಷದಲ್ಲೇ ಹುಟ್ಟುವುದು. "ಎಲ್ಲಾ ಸರಿ ಇದೆ" ಅಂದರೆ ನಂಬಬೇಡ. ಹಿಂದಿನ ವಾಚಿನ ಲಾಗ್ ನೀನೇ ಓದು. ಸೀರಿಯಲ್ ನಂಬರಿನಲ್ಲಿ ನಡುವೆ ಒಂದು ಇಲ್ಲದಿದ್ದರೆ ಅದು ಎಲ್ಲಿ ಹೋಯಿತು ಅಂತ ಅವನು ಇರುವಾಗಲೇ ಕೇಳು. ಉತ್ತರ ಕಾಯುತ್ತಿರುವ ಮೆಸೇಜು ಯಾವುದು, ಅಧಿಕಾರಿಗೆ ತೋರಿಸಿ ಸಹಿ ಆಗದ್ದು ಯಾವುದು, ಗುಪ್ತ ಪುಸ್ತಕಗಳು ಲೆಕ್ಕಕ್ಕೆ ಸರಿಯಾಗಿ ಇವೆಯಾ, ಎಣಿಸು. ನೋಡಿ ಎಣಿಸು, ಕೇಳಿ ಎಣಿಸಬೇಡ. ನೀನು ಸಹಿ ಹಾಕಿದ ಮೇಲೆ ಕಳೆದದ್ದೆಲ್ಲ ನಿನ್ನದೇ.

ಸಹಿ ಹಾಕುವ ತನಕ ಅವನು ಕುರ್ಚಿ ಬಿಟ್ಟು ಏಳಬಾರದು. ಸಿಟ್ಟು ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲಿ.


ಹೊಸನಗರದ_ಹುಡುಗ:

182310 ಝಡ್. ಅಮ್ಮ ಇನ್ನೂ ಕೊಟ್ಟಿಗೆಗೆ ಹೋಗಿಲ್ಲ, ನನ್ನ ಬ್ಯಾಗಿಗೆ ಚಕ್ಕುಲಿ ತುಂಬುತ್ತಿದ್ದಾರೆ. ಶಿವಮೊಗ್ಗಕ್ಕೆ ಮೊದಲ ಬಸ್ಸು, ಅಲ್ಲಿಂದ ರೈಲು. ಅಲ್ಲಿ ಹೋದ ಮೇಲೆ ಫೋನ್ ಒಪ್ಪಿಸಬೇಕು, ಇನ್ನು ಇಲ್ಲಿ ಉತ್ತರ ಬರೆಯಲು ಆಗುವುದಿಲ್ಲ. ಎಲ್ಲರಿಗೂ ಇನ್ನೊಮ್ಮೆ ನಮಸ್ಕಾರ.


ನಿವೃತ್ತ_ಯೋಮನ್:

ತಾರೀಕು ಸರಿ. ಗಂಟೆ ಸರಿ. ಮೆಸೇಜು ಸಿಕ್ಕಿತು. ಹೋಗಿ ಬಾ ತಮ್ಮಾ.


ತಂತಿ_ಕಚೇರಿಯ_ಅಕ್ಕ:

ಸಿಕ್ಕಿದ ಹೊತ್ತು ಬರೆದಿಲ್ಲವಲ್ಲ ಸರ್?